ತಂಬಾಕು ಪುಡಿಯ ಗಂಟು

ನಿಪ್ಪಾಣಿ, ಮಂಗಳವಾರ

ಅವ್ವಾ,

ನೀ ಫೋನ್ ಎತ್ತವಲ್ಲಿ. ಅದಕ್ಕ ಸತ್ತೆಪ್ಪ ಕಾಕಾನ ಕೈಯಾಗ ಈ ಚೀಟಿ ಕೊಟ್ಟು ನಮ್ಮೂರು ಭೋಜಕ್ಕ ಕಳಿಸಾಕತ್ತೇನಿ.

ಮೊನ್ನೆ ನಮ್ಮ ಬೀಡಿ ಮ್ಯೂಸಿಯಮ್ ನೋಡಾಕ ಬಂದಾಕಿ ಬಾಗಲದಿಂದನ ಹೊಳ್ಳಿ ಹೋದಿ. ನೀ ಬೀಡಿ ಕಟ್ಟತಿದ್ದ ಮೊರಾ ಗಾಜಿನ ಪೆಟಿಗ್ಯಾಗ ಇಟ್ಟಿದ್ದಕ್ಕ ಸಿಟ್ಟಾದಿ ಅನ್ಕೊಂಡೆ. ಅವತ್ತಿನಿಂದ ಒಂದ ಕಡೆ ಕೂಡಾಕ ಆಗವಲ್ದು. ಇವತ್ತ ಪೆಟಿಗಿ ತೆರೆದ ಕೂಡ್ಲೆ ನನಗೂ ಕೆಮ್ಮು ಬಂತು. ಆಗ ತಿಳೀತು.

ಎಸಿ ಬ್ಯಾಡ, ಡಾಂಬರ ಗುಳಿಗಿ ಬ್ಯಾಡ, ಪರಿಸರಕ್ಕ ಛಲೋ ಆಗ್ಲಿ ಅಂತ, ಹುಳಾ ಹತ್ತದಂಗ ಎಲ್ಲಾ ಪೆಟಿಗ್ಯಾಗ ತಂಬಾಕು ಪುಡಿ ಗಂಟು ಕಟ್ಟಿ ಇಟ್ಟಿದ್ದೆ. ನಿಪ್ಪಾಣ್ಯಾಗ ತಂಬಾಕಿಗೇನ ಬರ? ನಿನ್ನ ಎದಿ ಕೆಟ್ಟಿದ್ದ ಅದರಿಂದ ಅನ್ನೂದು ನನಗ ಹೊಳೀಲೇ ಇಲ್ಲ ನೋಡು.

ಗಂಟು ಎಲ್ಲಾ ತಗದು ಒಗದೇನಿ. ಹಿತ್ತಲದ ಬೇವಿನ ಎಲಿ ಒಣಗಿಸಿ ಕಾಕಾನ ಕೈಯಾಗ ಕೊಡು. ಹಳೇ ನೂಲಿನ ಸೀರಿ ಇದ್ರ ಅವನ್ನೂ ಕೊಡು, ಬಿಸಿಲು ಒಳಗ ಬರದಂಗ ಕಿಡಕಿಗೆ ಕಟ್ಟತೇನಿ.

ಶುಕ್ರವಾರ ಬಾ. ಎದಿಗೆ ಎಳಕೊಳ್ಳೋ ಪಂಪು ಮರೀಬ್ಯಾಡ. ವಾಸನಿ ಇನ್ನೂ ಉಳಿದಿದ್ರ ನೀ ಒಳಗ ಬರಬ್ಯಾಡ. ಅಂಗಳದಾಗ ಕುರ್ಚಿ ಹಾಕಿರ್ತೇನಿ. ನಿನ್ನ ಮೊರಾ ನಾನ ಹೊರಗ ತರ್ತೇನಿ.

ನಿನ್ನ
ನೀಲಮ