ಹರಳು ಕಡ್ಡಿಯ ಬಿಲ್ಲು

೨೮-೮-೫೪, ಹುದಿಕೇರಿ

ಪಾಠ ಬೇಗ ಮುಗಿಯಿತು. ನನ್ನ ಶಿಷ್ಯೆ ಪಾಪ ಇವತ್ತೂ ‘ಳ’ ಬರೆಯಲಿಲ್ಲ. ಸ್ಲೇಟಿನ ತುಂಬ ಚುಕ್ಕೆ ಇಟ್ಟು “ಇದು ಚಿಕ್ಕಿ” ಎಂದಳು. ಚಿಕ್ಕಿ ಮೇಜಿನ ಕೆಳಗೆ ನನ್ನ ಚಪ್ಪಲಿ ಅಗಿಯುತ್ತಿತ್ತು.

ಅದು ಚಿರತೆಮರಿ ಎಂದು ಶನಿವಾರಸಂತೆಯ ನಮ್ಮ ಮನೆಗೆ ಬರೆದರೆ ಅಪ್ಪ ನಾಳೆಯೇ ಬಂದು ಕರೆದುಕೊಂಡು ಹೋಗುತ್ತಾರೆ. ‘ಈ ಮನೆಯಲ್ಲಿ ಒಂದು ಬೆಕ್ಕಿದೆ’ ಎಂದಷ್ಟೇ ಬರೆದಿದ್ದೇನೆ. ಬಿ.ಎ. ಮುಗಿಸಿ ಸಿಕ್ಕ ಮೊದಲ ಕೆಲಸ. ಕೊಡವ ಮಾತಿನ ಮನೆಯ ಆರು ವರ್ಷದ ಹುಡುಗಿಗೆ ಕನ್ನಡ ಕಲಿಸುವುದು. ಬಿಡಲು ಮನಸ್ಸಿಲ್ಲ.

ಒಂದು ಗಮನಿಸಿದೆ. ಪಾಪ ನಿಂತಿದ್ದರೆ ಚಿಕ್ಕಿಗೆ ಲಕ್ಷ್ಯವಿಲ್ಲ. ಬಳಪ ಹೆಕ್ಕಲು ಬಗ್ಗಿದರೆ ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತದೆ.

೩-೯-೫೪

ಕೈಲ್ ಮುಹೂರ್ತದ ಹಬ್ಬ. ನಾಟಿ ಕೆಲಸ ಮುಗಿದು, ಇಷ್ಟು ದಿನ ಒಳಗಿದ್ದ ಕೋವಿಗಳಿಗೆ ಹೂ, ಗಂಧ. ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ.

ಮೊದಲ ಗುಂಡಿಗೇ ಚಿಕ್ಕಿ ಪಾಪಳ ಮಂಚದಡಿ ಹೊಕ್ಕಿತು. “ಹೆದರ್ಬೇಡ, ಬಾ” ಎಂದು ಇವಳು ಕೈ ಹಾಕಿ ಎಳೆದಳು. ಹೊರಗೆ ಬಂದದ್ದು ಚಪ್ಪಲಿ ಅಗಿಯುವ ಪ್ರಾಣಿಯಲ್ಲ. ಕಿವಿಗಳು ತಲೆಗೆ ಅಂಟಿಹೋಗಿದ್ದವು. ಫ್ರಾಕು ಭುಜದಿಂದ ಸೊಂಟದವರೆಗೆ ಸೀಳಿತು. ಮೈಗೆ ತಾಗಲಿಲ್ಲ… ಹೇಗೋ. ಆಟವೆಂದುಕೊಂಡು ಪಾಪ ನಕ್ಕಳು.

ಬಾಗಿಲಲ್ಲೇ ಇದ್ದೆ. ಕೂಗಲು ಬಾಯಿ ತೆರೆದೆ, ಅಷ್ಟೇ.

ಸಂಜೆ ಅವಳಪ್ಪ ಮೊಣ್ಣಪ್ಪನವರಿಗೆ ಫ್ರಾಕು ತೋರಿಸಿದೆ. ನಕ್ಕುಬಿಟ್ಟರು. “ತಾಯಿಗೆ ಇಟ್ಟ ಗುಂಡು ಇದಕ್ಕಿನ್ನೂ ನೆನಪುಂಟು ಕಾಣ್ತದೆ, ಟೀಚರಮ್ಮ. ಅದರ ಹೊಟ್ಟೆಯಡಿ ಹಾಲು ಕುಡೀತಾ ಇತ್ತು ಇದು. ಒಂದು ಅಂಗೈ ಅಷ್ಟಿತ್ತು.”

ಈಗ ಎದ್ದು ನಿಂತರೆ ಪಾಪಳ ಹೆಗಲಿಗೆ ಕಾಲು ಇಡುತ್ತದೆ.

೨೬-೯-೫೪

ಪಾಪಳ ತಾಯಿ ಪೊನ್ನಮ್ಮನವರಿಗೆ ಎಂಟು ತಿಂಗಳು ತುಂಬಿತು. ಅಡುಗೆಯ ಸಿದ್ದಮ್ಮನಿಗೆ ಅದೇ ಮಾತು.

“ಗಂಡಾದ್ರೆ ಕೂಸಿನ ಕೈಗೆ ಹರಳು ಗಿಡದ ಕಡ್ಡೀಲಿ ಮಾಡಿದ ಬಿಲ್ಲು ಕೊಡ್ತಾರೆ ಕಣವ್ವ. ಧಣೇರು ಜಗುಲಿ ಮೇಲೆ ನಿಂತು ಕೋವಿ ಹಾರಿಸ್ತಾರೆ. ಊರಿಗೆಲ್ಲ ಗೊತ್ತಾಗ್ಬೇಕಲ್ಲ.”

“ಹೆಣ್ಣಾದರೆ?”

“ಹೆಣ್ಣಾದ್ರೆ ಬಿಸಿನೀರು ಕಾಯಿಸ್ತೀವಿ.”

ನಗಬೇಕಿತ್ತು. ಕೈಯಲ್ಲಿದ್ದ ಲೋಟ ತಣ್ಣಗಾಯಿತು. ಕೋವಿ ಹಾರುವ ಹೊತ್ತಿಗೆ ಪಾಪ ಎಲ್ಲಿರುತ್ತಾಳೆ? ಚಿಕ್ಕಿಯ ಜೊತೆ. ಇನ್ನೆಲ್ಲಿ?

೧೧-೧೦-೫೪

ಹೇಳಿಬಿಡೋಣವೆಂದು ಜಗುಲಿಗೆ, ಮೊಣ್ಣಪ್ಪನವರ ಬಳಿ ಹೋದೆ. “ಏನು ಟೀಚರಮ್ಮ?” ಎಂದರು. ಕಾಫಿ ಪಿಕ್ಕಿಂಗ್ ಯಾವಾಗ ಶುರು ಎಂದು ಕೇಳಿ ವಾಪಸು ಬಂದೆ. ನನಗೂ ಪಿಕ್ಕಿಂಗ್‌ಗೂ ಏನು ಸಂಬಂಧ!

೧೯-೧೦-೫೪

ಬೇಟೆನಾಯಿಯ ಮರಿ ಹಿತ್ತಲಲ್ಲಿ ಸತ್ತು ಬಿದ್ದಿತ್ತು. ರಕ್ತವೇ ಇಲ್ಲ. ಕತ್ತಿನಲ್ಲಿ ತೂತುಗಳು ಮಾತ್ರ. ಚಿಕ್ಕಿ ಪಕ್ಕದಲ್ಲೇ ಕೂತು ಪಾದ ನೆಕ್ಕಿಕೊಳ್ಳುತ್ತಿತ್ತು. ಪಾಪ ಅದಕ್ಕೆ “ಕೆಟ್ಟವಳು ನೀನು” ಎಂದು ಮುತ್ತು ಕೊಟ್ಟಳು.

ಹೇಳಿದೆ. ಕಂಬ ಹಿಡಿದುಕೊಂಡು, ನೆಲ ನೋಡುತ್ತಾ, ಅಂತೂ ಹೇಳಿದೆ. “ಮಗುವಾದಾಗ… ಕೋವಿ ಹಾರಿಸಬೇಡಿ.”

“ಮಗ ಹುಟ್ಟಿದ್ರೆ ಕೋವಿ ಹಾರಿಸದೆ ಪೀಪಿ ಊದ್ಲಾ?”

ಒಳಗಿಂದ ಅವರ ತಾಯಿಯ ದನಿ ಬಂತು. “ಟೀಚರು ಹೇಳೋದು ಸರಿ ಉಂಟು ಮೊಣ್ಣಪ್ಪ. ಆದ್ರೆ ಕೋವಿ ಹಾರಿಸೋ ಪದ್ಧತಿ ತಪ್ಪಿಸೋದು ಬೇಡ. ನೋವು ಶುರುವಾದ ಕೂಡ್ಲೆ ನಮ್ಮ ಆಳು ಮಾರ ಆ ಪ್ರಾಣಿನ ಕಾಫಿ ಗೋಡೌನಿಗೆ ಹಾಕ್ಲಿ.”

“ಆಯ್ತು ಅವ್ವ. ನೀವಿಬ್ರೂ ಸೇರಿ ನನ್ನ ಹುಲೀನ ಇಲಿ ಮಾಡಿದ್ರಿ.”

ಅಜ್ಜಿಯ ಕಾಲಿಗೆ ಬೀಳಬೇಕೆನಿಸಿತು.

೨-೧೧-೫೪, ಬೆಳಿಗ್ಗೆ

ನೋವು ಶುರುವಾಗಿದೆ. ನರ್ಸಮ್ಮ ಬಂದರು. ಆಳು ಮಾರ ಚಿಕ್ಕಿಯನ್ನು ಎಳೆದುಕೊಂಡು ಹೋಗಿ ಗೋಡೌನಿಗೆ ಹಾಕಿದ. ಹಿಂದೆಯೇ ಹೋಗಿ ಚಿಲಕ ಮುಟ್ಟಿ ನೋಡಿಬಂದೆ.

ಪಾಪ ಮೆಟ್ಟಿಲ ಮೇಲೆ ಕೂತಿದ್ದಳು. “ತಮ್ಮ ಬಂದ್ರೆ ಚಿಕ್ಕಿಗೆ ಜಾಗ ಇಲ್ವಾ, ಟೀಚರ್?”

“ಇವತ್ತೊಂದು ದಿನ.”

“ನಂಗೆ?”

ಸಿದ್ದಮ್ಮ ಬೆಲ್ಲ ಕೊಟ್ಟು ಒಳಗೆ ಕರೆದಳು.

ಅದೇ ದಿನ, ಮಧ್ಯಾಹ್ನ

ಸಣ್ಣ ಮಳೆ. ಯಾರಿಗೂ ನಾನು ಬೇಕಿಲ್ಲ. ಪಾಪಳ ಕೋಣೆಯ ಕಿಟಕಿ ಬಳಿ ಕೂತಿದ್ದೇನೆ. ಗೋಡೆಯ ಆಚೆ ಜಗುಲಿ. ಅಲ್ಲಿ ಮೊಣ್ಣಪ್ಪನವರು ಕೋವಿ ಒರೆಸುತ್ತಿದ್ದಾರೆ, ಎಣ್ಣೆ ವಾಸನೆ ಇಲ್ಲಿಗೂ ಬರುತ್ತಿದೆ. ಬರಲಿ. ಎರಡು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇವತ್ತು ಇಳಿ —

ಪಾಪ ಬಂದಳು. ಹಿಂಬಾಗಿಲಿನಿಂದ. ಒಬ್ಬಳೇ ಅಲ್ಲ. ಫ್ರಾಕಿನ ಬೆಲ್ಟು ಚಿಕ್ಕಿಯ ಕೊರಳಿಗೆ ಕಟ್ಟಿದ್ದಾಳೆ.

“ಗೋಡೌನಲ್ಲಿ ಅಳ್ತಾ ಇತ್ತು” ಎಂದು ಬಾಗಿಲು ಮುಚ್ಚಿದಳು. ಮಂಚ ಹತ್ತಿದಳು. ಅದೂ ಹತ್ತಿತು.

ಎದ್ದೆ. ಚಿಕ್ಕಿ ಗುರ್ ಎಂದಿತು. ಕೂತೆ. ಪೆನ್ನಿನ ಸದ್ದು ಅದಕ್ಕೆ ದಿನವೂ ಕೇಳಿ ಗೊತ್ತು. ಬರೆಯುತ್ತಿದ್ದರೆ ಸುಮ್ಮನಿದೆ. ಅದಕ್ಕೇ ಬರೆಯುತ್ತಿದ್ದೇನೆ. ಏನಾದರೂ ಬರೆಯುತ್ತಿರಬೇಕು.

ಪಾಪ ಮಲಗಿದ್ದಾಳೆ. ಕಣ್ಣು ಮುಚ್ಚುತ್ತಿದೆ. ಚಿಕ್ಕಿಯ ಗದ್ದ ಅವಳ ಕತ್ತಿನ ಮೇಲೆ.

ಕೂಗಿದರೆ ಜಗುಲಿಗೆ ಕೇಳಿಸುತ್ತದೆ. ಕೂಗಿದರೆ ಇದಕ್ಕೂ ಕೇಳಿಸುತ್ತದೆ.

ಹೆಣ್ಣಾಗಲಿ. ದೇವರೇ, ಹೆಣ್ಣಾಗಲಿ. ಹೆಣ್ಣು ಹೆಣ್ಣು ಹೆಣ್ಣು

ಮಗು ಅತ್ತಿತು.

ಚಿಕ್ಕಿ ತಲೆ ಎತ್ತಿದೆ. ಕಿವಿ ನೆಟ್ಟಗಿದೆ. ಇನ್ನೂ ನೆಟ್ಟಗಿದೆ.

ಅಜ್ಜಿಯ ದನಿ — “ಸಿದ್ದಮ್ಮಾ, ಬಿಸಿನೀರು!”

ಬಿಸಿನೀರು. ಹೆಣ್ಣು. ಹೆಣ್ಣೇ ಇರಬೇಕು.

“ಆ ಬಿಲ್ಲೂ ತಾ! ಬಿಲ್ಲು, ಬಿಲ್ಲು!”

ಜಗುಲಿಯಲ್ಲಿ ಕುರ್ಚಿ ಸರಿದ ಸದ್ದು. ಬೂಟು. ಕಾಲ ಬಳಿ ಕಂಬಳಿ ಇದೆ. ನನ್ನಿಂದ ಮಂಚಕ್ಕೆ ಒಂದೇ ನೆಗೆತ. ಹುಟ್ಟಿದ ಮೇಲೆ ಒಮ್ಮೆಯೂ ಗಟ್ಟಿಯಾಗಿ ಕೂಗಿದವಳಲ್ಲ. ಕಂಬಳಿ ಹಿಡಿದು ಚಿಕ್ಕಿಯ ಮೇಲೆ ಬಿದ್ದು ಕೂಗುತ್ತೇನೆ, ಈಗ —