ಗದ್ದದ ಕೆಳಗಿನ ನೆರಳು

೧೧ ಮಾರ್ಚ್, ಮಂಗಳವಾರ
ಬೆಳಗ್ಗೆ ಹತ್ತೂಕಾಲು. ಪರದೆ ಆರಿಸಿ, ಮೇಜಿನ ಮೂಲೆಯಲ್ಲಿ ಜಾಗ ಮಾಡಿಕೊಂಡು ಬರೆಯುತ್ತಿದ್ದೇನೆ.

ಅಕ್ಕಾ,

ಎರಡು ವರ್ಷದ ಮೇಲೆ ನಿನ್ನಿಂದ ಬಂದದ್ದು ಒಂದು ಕಾರ್ಡು, ಅದರಲ್ಲಿ ಒಂದೂವರೆ ಸಾಲು. "ಅಮ್ಮನ ಚಿತ್ರದ ಫೈಲು ಕಳಿಸು, ನನ್ನ ನೆರಳಿನ ಪದರ ಬೇರೆಯಾಗಿಯೇ ಇರಲಿ." ಕುಶಲ ಕೇಳಿರಲಿಲ್ಲ, ಹೆಸರೂ ಹಾಕಿರಲಿಲ್ಲ. ಆದರೂ ಆ ಕಾರ್ಡನ್ನು ಮೂರು ದಿನದಿಂದ ಪರದೆಗೆ ಒರಗಿಸಿ ಇಟ್ಟುಕೊಂಡಿದ್ದೇನೆ. ನಿನ್ನ ಅಕ್ಷರ ಇನ್ನೂ ಬಸ್ಸು ತಪ್ಪಿದವರ ಹಾಗೆ ಬಲಕ್ಕೆ ವಾಲಿಕೊಂಡು ಓಡುತ್ತದೆ.

ನಾನು ಚೆನ್ನಾಗಿದ್ದೇನೆ. ಪಠ್ಯಪುಸ್ತಕದ ಚಿತ್ರಗಳ ಕೆಲಸ ಬಿಡದೆ ಬರುತ್ತಿದೆ. ಈ ತಿಂಗಳು ಬರೀ ಪ್ರಾಣಿಗಳು. ಮೊನ್ನೆ ನನ್ನ ಕತ್ತೆಯನ್ನು ನೋಡಿ ಸಂಪಾದಕರು, "ಪರೀಕ್ಷೆ ಮಕ್ಕಳಿಗಲ್ವೇನಮ್ಮ, ಇದ್ಯಾಕೆ ಇಷ್ಟು ಸೊರಗಿದೆ?" ಎಂದರು. ದವಡೆಯ ಕೆಳಗೆ ಗಾಢವಾದ ನೆರಳು ಹಾಕಿದ್ದೆ. ಈಚೆಗೆ ಎಲ್ಲದಕ್ಕೂ ಹಾಗೇ ಹಾಕುತ್ತೇನೆ, ಕೈ ಅಲ್ಲಿಗೇ ಹೋಗುತ್ತದೆ. ಯಾಕೆಂದು ಹೇಳಲಿಕ್ಕೇ ಈ ಪತ್ರ.

ಆ ಚಿತ್ರ ಮಾಡಿದ ವಾರ ನಿನಗೆ ನೆನಪಿರಬೇಕು. ಅಮ್ಮ ಹೋಗಿ ಎರಡು ತಿಂಗಳಾಗಿತ್ತು. ನೀನು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಕೆಲಸಕ್ಕೆ ರಜೆ ಹಾಕಿ ಬಂದಿದ್ದೆ. ಚಿತ್ರ ಬರೆಯಲು ಇದ್ದದ್ದು ಒಂದೇ ಟ್ಯಾಬ್ಲೆಟ್, ಒಂದೇ ಪೆನ್ನು. ಪಾತ್ರೆ ತೊಳೆದವಳಿಗೆ ಪೆನ್ನು ಎಂದು ಕರಾರಾಗಿತ್ತು. ಒಬ್ಬರದನ್ನು ಒಬ್ಬರು ಕೆಡಿಸಬಾರದೆಂದು ಬೇರೆ ಬೇರೆ ಪದರದಲ್ಲಿ ಕೆಲಸ ಮಾಡಿದೆವು, ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಕೆಳಗೆ ನನ್ನ ಬಣ್ಣ, ಮೇಲೆ ನಿನ್ನ ನೆರಳು. ನಾನು ಮೆತ್ತನೆಯ ಕುಂಚ ಹಿಡಿದು ಕೆನ್ನೆಯ ಬೆಳಕನ್ನು ಕಿವಿಯವರೆಗೂ ಕರಗಿಸುತ್ತಿದ್ದೆ. ನೀನು ದವಡೆಯ ಕೆಳಗೆ ಒಂದೇ ಏಟಿಗೆ ಕಡುನೀಲಿ ಎಳೆದೆ, ಕತ್ತರಿಯಲ್ಲಿ ಕತ್ತರಿಸಿದ ಹಾಗಿತ್ತು ಅದರ ಅಂಚು. ಅಮ್ಮನ ಮುಖಕ್ಕೆ ಇಸ್ತ್ರಿ ಹೊಡೀತಿದ್ದೀಯಲ್ಲೇ ಎಂದೆ ನೀನು. ಇದು ನಿನ್ನ ಆಸ್ಪತ್ರೆ ಅಲ್ಲ, ಎಕ್ಸ್‌ರೇ ತೆಗೀಬೇಡ ಎಂದೆ ನಾನು. ಶುರುವಾದದ್ದು ನಗುನಗುತ್ತಲೇ. ಸಂಜೆಯ ಹೊತ್ತಿಗೆ ನೀನು ಬ್ಯಾಗು ತುಂಬುತ್ತಿದ್ದೆ. ಚಪ್ಪಲಿ ಮೆಟ್ಟಿದ ಮೇಲೆ ತಿರುಗಿ ನಿಂತು, ನನ್ನ ನೆರಳು ಅಳಿಸಲ್ಲ ತಾನೆ ಎಂದು ಕೇಳಿದೆ. ಅಳಿಸಲ್ಲ ಎಂದೆ ನಾನು.

ಆ ಪದರ ಈಗ ಇಲ್ಲ, ಅಕ್ಕ.

ಮಾರನೆಯ ದಿನ ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಅವಸರದಲ್ಲಿ, ಕರಡು ಗೆರೆಗಳ ಪದರವನ್ನು ತೆಗೆಯುವ ಬದಲು ನಿನ್ನದನ್ನು ತೆಗೆದು, ಹಾಗೇ ಉಳಿಸಿ ಮುಚ್ಚಿಬಿಟ್ಟೆ.

ಅವತ್ತಿನಿಂದ ಅದನ್ನು ಮತ್ತೆ ಬರೆಯುತ್ತಿದ್ದೇನೆ. ಇದುವರೆಗೆ ಹತ್ತೊಂಬತ್ತು ಸಲ. ಮೊದಲು ನೇರವಾಗಿ ಕಪ್ಪು ಹಾಕಿದೆ. ಅಮ್ಮನಿಗೆ ಗಡ್ಡ ಬಂತು. ಚರ್ಮದ ಬಣ್ಣವನ್ನೇ ಗಾಢ ಮಾಡಿದರೆ ಕೆಸರು ಮೆತ್ತಿದ ಹಾಗಾಯಿತು. ಪೆನ್ಸಿಲಿನ ಹಾಗೆ ಅಡ್ಡಡ್ಡ ಗೀಟು ಎಳೆದಾಗ ಅಂಚೆಚೀಟಿಯ ಮೇಲಿನ ರಾಣಿಯಾದಳು. ಹನ್ನೊಂದನೆಯ ಸಲ ನೀಲಿಗೆ ಬಂದೆ, ಆಗ ಒಂದು ವಿಷಯ ತಿಳಿಯಿತು. ಅಮ್ಮನ ಕೆನ್ನೆಯ ಬಿಸುಪು ನನ್ನ ಬಣ್ಣದಲ್ಲಿ ಇರಲೇ ಇಲ್ಲ. ನಿನ್ನ ನೀಲಿ ಪಕ್ಕದಲ್ಲಿದ್ದದ್ದಕ್ಕೆ ಅದು ಬೆಚ್ಚಗೆ ಕಂಡಿತ್ತು.

ಬಣ್ಣ ಮುಖಸ್ತುತಿ ಮಾಡುತ್ತೆ, ಬೂದು ಸಾಕ್ಷಿ ಹೇಳುತ್ತೆ ಎನ್ನುತ್ತಿದ್ದೆಯಲ್ಲ, ಅದರಂತೆ ಬಣ್ಣವನ್ನೆಲ್ಲ ತೆಗೆದು ಬೂದಿನಲ್ಲಿ ನೋಡಿದೆ. ಹಣೆ, ಕೆನ್ನೆ, ಕುತ್ತಿಗೆ ಎಲ್ಲ ಒಂದೇ ಬೂದು. ನಾದಿಟ್ಟ ಹಿಟ್ಟಿಗೆ ಕಣ್ಣು ಬರೆದ ಹಾಗೆ ಅಮ್ಮ ನನ್ನನ್ನು ನೋಡುತ್ತಿದ್ದಳು. ಹಳೆಯ ಫೋಟೋಗಳನ್ನು ಕೆದಕಿದೆ. ಎಲ್ಲವೂ ಫ್ಲ್ಯಾಶ್ ಹಾಕಿ ತೆಗೆದವು. ಒಂದರಲ್ಲೂ ನೆರಳಿಲ್ಲ, ಎಲ್ಲದರಲ್ಲೂ ಯಾರೋ ಹೇಳಿದರೆಂದು ನೆಟ್ಟಗೆ ನಿಂತಿದ್ದಾಳೆ.

ಅಮ್ಮ ಯಾವತ್ತು ನೆಟ್ಟಗೆ ನಿಂತಳು ಹೇಳು. ಇಪ್ಪತ್ತೇಳು ವರ್ಷ ಕಚೇರಿಯ ವಿಚಾರಣೆ ಕೌಂಟರಿನಲ್ಲಿ ಎಡಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಚೀಟಿ ಬರೆದು ಇನ್ನೊಂದರಲ್ಲಿ ಹರಿದು ಕೊಡುತ್ತಿದ್ದವಳು. ಮನೆಗೆ ಬಂದ ಮೇಲೂ ಕತ್ತು ಎಡಕ್ಕೇ ವಾಲಿರುತ್ತಿತ್ತು. ನೀನು ಎಳೆದದ್ದು ಆ ವಾಲಿಕೆಯ ನೆರಳು. ನಾನು ಮುಖ ಮಾತ್ರ ನೋಡಿದ್ದೆ. ಹೋದ ವಾರ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು: ನಿಮ್ಮಕ್ಕ ಇತ್ತೀಚೆಗೆ ಕತ್ತು ವಾಲಿಸಿ ನಿಂತರೆ ಥೇಟ್ ನಿಮ್ಮಮ್ಮ ಕಣೇ, ನನಗೇ ಒಂದು ಕ್ಷಣ ಎದೆ ಧಸಕ್ ಅಂತು. ಫೋನಿಟ್ಟ ಮೇಲೆ ಇಪ್ಪತ್ತನೆಯದನ್ನು ಶುರು ಮಾಡಲು ಕೂತವಳು ಪೆನ್ನು ಕೆಳಗಿಟ್ಟೆ. ಆ ನೆರಳು ಈಗ ಇರುವುದು ಒಂದೇ ಕಡೆ, ನಿನ್ನ ಗದ್ದದ ಕೆಳಗೆ.

ಅದಕ್ಕೇ ಫೈಲು ಕಳಿಸುವುದಿಲ್ಲ. ನಾನೇ ತರುತ್ತೇನೆ. ಮುಂದಿನ ವಾರದ ಭಾನುವಾರ, ಬೆಳಗಿನ ಬಸ್ಸಿಗೆ. ಟಿಕೆಟ್ ಇನ್ನೂ ತೆಗೆದಿಲ್ಲ. ಹತ್ತು ನಿಮಿಷ ಕಿಟಕಿಯ ಪಕ್ಕ ಕೂತುಕೋ, ಮಾತಾಡಬೇಕೆಂದೇನಿಲ್ಲ, ನಾನು ನೋಡುತ್ತೇನೆ. ಆಮೇಲೆ ಪೆನ್ನು ನಿನ್ನ ಕೈಗೆ. ಪಾತ್ರೆ ನಾನೇ ತೊಳೆಯುತ್ತೇನೆ.

ನಿನ್ನ
ಮಸಿಕುಡಿಕೆ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಲು ಕೈ ಬರಲಿಲ್ಲ. ಆ ದಿನ ಕರೆಂಟು ಹೋಗಿರಲಿಲ್ಲ. ಪದರದ ಮೇಲೆ ನೀನು ಬರೆದಿದ್ದ 'ಅಕ್ಕನದು, ಮುಟ್ಟಬೇಡ' ಎಂಬುದನ್ನು ಓದಿಯೇ ಆ ಪದರ ಅಳಿಸಿದೆ. ನಿನ್ನ ನೆರಳಿನಲ್ಲಿ ಅಮ್ಮ ಕೊನೆಯ ತಿಂಗಳಲ್ಲಿ ಇದ್ದ ಹಾಗೇ ಇದ್ದಳು. ನನಗೆ ಅದಕ್ಕೆ ಮೊದಲಿನವಳು ಬೇಕಾಗಿದ್ದಳು. ಈಗ ಯಾವ ಅಮ್ಮನಾದರೂ ಸರಿ. ಬರಬೇಡ ಎನ್ನುವುದಾದರೆ ಮುಂದಿನ ವಾರದ ಶುಕ್ರವಾರದೊಳಗೆ ಸಿಗುವ ಹಾಗೆ ಒಂದು ಸಾಲು ಬರೆ. ಬಾ ಎನ್ನುವುದಾದರೆ ಏನೂ ಬರೆಯಬೇಡ. ಶನಿವಾರ ಟಿಕೆಟ್ ತೆಗೆಯುತ್ತೇನೆ.