ಕಾಲುಚೀಲದ ಅಡಿಯ ಬ್ಯಾಡ್ಜ್

ಅಡುಗೆಮನೆಯ ಮೇಜಿನಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಕೈಯ ಉರಿ ಎಷ್ಟಿದೆ? ಊಟ ಸೇರುತ್ತಿದೆಯಾ? ನಿಜ ಬರೆ. ಫೋನಿನಲ್ಲಿ ಕೇಳಿದರೆ ಏನಾದರೂ ಜೋಕು ಹೊಡೆದು ಮಾತು ಹಾರಿಸುತ್ತೀಯ, ಅದಕ್ಕೇ ಈ ಕಾಗದ.

ನಿನ್ನೆ ಆಸ್ಪತ್ರೆಗೆ ನಿನ್ನ ಬಟ್ಟೆ ಕಳಿಸೋಣವೆಂದು ಡ್ರಾಯರ್ ಎಳೆದರೆ, ಕಾಲುಚೀಲಗಳ ಅಡಿಯಲ್ಲಿ ನಿನ್ನ ಬ್ಯಾಡ್ಜ್! ಎದೆಗೆ ಸಿಕ್ಕಿಸಿಕೊಂಡು, ಮೈಗೆ ಎಷ್ಟು ವಿಕಿರಣ ತಗುಲಿತೆಂದು ಅಳೆಯಬೇಕಾದದ್ದು ತಿಂಗಳಿಡೀ ನಿನ್ನ ಕಾಲುಚೀಲ ಕಾಯುತ್ತಿತ್ತು. "ಅದು ಜಾಸ್ತಿ ತೋರ್ಸಿದ್ರೆ ಕೆಲ್ಸಕ್ಕೆ ಬಿಡ್ದೆ ಮನೇಲಿ ಕೂರಿಸ್ಬಿಡ್ತಾರೆ ಅಕ್ಕಾ, ನಾವೆಲ್ಲ ಹೀಗೇ ಮಾಡೋದು" ಎಂದು ನೀನು ಒಮ್ಮೆ ಹೇಳಿದ್ದೆ. ನಾನು ತಮಾಷೆ ಅಂದುಕೊಂಡಿದ್ದೆ. ಪೈಪಿನ ಬೆಸುಗೆಯ ಒಳಚಿತ್ರ ತೆಗೆಯುವ ಆ ಹಾಳು ಯಂತ್ರದ ವಿಕಿರಣದ ತುಣುಕು ಪೆಟ್ಟಿಗೆಗೆ ಮರಳದೆ ಕೊಳವೆಯಲ್ಲೇ ಸಿಕ್ಕಿಕೊಂಡಿತ್ತಂತೆ. ನೀನು ವಿಕಿರಣ ಅಳೆಯುವ ಮೀಟರ್ ಹಿಡಿದೂ ನೋಡದೆ ಆ ಕೊಳವೆಯನ್ನು ಕೈಯಾರೆ ಸುತ್ತಿಟ್ಟೆಯಂತೆ. ಹದಿನೈದು ವರ್ಷದ ಅನುಭವವಂತೆ, ಅನುಭವ!

ಅವತ್ತು ಕೆಲಸ ಬಿಟ್ಟ ಗಂಟೆಯೊಳಗೆ ಮನೆಗೆ ಬಂದವನೇ ವಾಂತಿ ಮಾಡಿಕೊಂಡು, "ಎಲ್ಲಾ ನಿನ್ನ ಅಡುಗೆ ಮಹಿಮೆ" ಅಂದೆ. ನಾನೊಬ್ಬಳು ಪೆದ್ದಿ, ಊಟದ ಡಬ್ಬಿ ಮೂಸುತ್ತ ಕೂತೆ. ಡಾಕ್ಟರಮ್ಮನಿಗೆ ಮಾತ್ರ ವಾಂತಿ ಮಾರನೇ ದಿನ ಆಯಿತು ಅಂದಿದ್ದೀಯಲ್ಲ, ಯಾಕೋ? ಬೇಗ ವಾಂತಿಯಾದಷ್ಟೂ ಹೆಚ್ಚು ವಿಕಿರಣ ತಗುಲಿದೆ ಎಂದರ್ಥವಂತೆ. ನಾನು ಅವರಿಗೆ ಫೋನ್ ಮಾಡಿ ವಾಂತಿಯ ಹೊತ್ತನ್ನೂ ಬ್ಯಾಡ್ಜಿನ ಕತೆಯನ್ನೂ ಹೇಳಿಬಿಟ್ಟೆ. ಬೈದುಕೋ.

ಈಗ ನೋಡಿದರೆ "ಆರಾಮಾಗಿದ್ದೀನಿ, ಡಿಸ್ಚಾರ್ಜಿಗೆ ಸೈನ್ ಹಾಕಿ ಮನೆಗೆ ಬಂದ್ಬಿಡ್ತೀನಿ" ಅನ್ನುತ್ತಿದ್ದೀಯ. ಈ ಆರಾಮೇ ಈ ಕಾಯಿಲೆಯ ಮೋಸವಂತೆ ಕಣೋ. ಎರಡು ಮೂರು ವಾರ ಸುಮ್ಮನಿದ್ದು, ಆಮೇಲೆ ರಕ್ತದ ಕಣಗಳು ಕುಸಿದು, ಸಣ್ಣ ನೆಗಡಿಯೂ ಪ್ರಾಣಕ್ಕೆ ಬರುತ್ತದಂತೆ. ಸೈನ್ ಹಾಕುವ ಕೈ ನೋಡಿಕೊ, ಚರ್ಮ ಸುಲಿಯುತ್ತಿದೆ. ನನಗೆ ನಿನ್ನ ಮೇಲೆ ಎಷ್ಟು ಕೋಪವಿದೆಯೋ ಅಷ್ಟೇ ಭಯವೂ ಇದೆ.

ಬೈಗುಳ ಇನ್ನೂ ಅರ್ಧ ಉಳಿದಿದೆ, ಕಾಗದ ಮುಗಿಯಿತು. ನೂರು ವರ್ಷ ಬಾಳು, ಕತ್ತೆ.

ನಿನ್ನ
ಅಕ್ಕ

ತಾ.ಕ.: ಬಾಗಿಲಿನ ಬೀಗ ಬದಲಾಯಿಸಿದ್ದೇನೆ. ಓಡಿಬಂದರೆ ನಿನ್ನ ಕೀ ಅದಕ್ಕೆ ಆಗುವುದಿಲ್ಲ, ತಟ್ಟಿದರೆ ತೆಗೆಯಲು ನಾನೂ ಇರುವುದಿಲ್ಲ. ಮೊನ್ನೆ ಅಲ್ಲಿಗೆ ಬಂದಾಗ ನನ್ನ ರಕ್ತವನ್ನೂ ತೆಗೆದುಕೊಂಡರಲ್ಲ, ಅದು ನಿನಗೆ ಹೊಂದುತ್ತದಂತೆ. ನಿನ್ನ ಮೂಳೆಯ ಮಜ್ಜೆ ಚೇತರಿಸಿಕೊಳ್ಳದಿದ್ದರೆ ನನ್ನದನ್ನು ಹಾಕುತ್ತಾರೆ, ಹೂಂ ಅಂದಿದ್ದೇನೆ. ಅದರ ಪರೀಕ್ಷೆಗಳಿಗೆಂದು ಶುಕ್ರವಾರ ನಿನ್ನ ಪಕ್ಕದ ವಾರ್ಡಿಗೆ ಸೇರುತ್ತೇನೆ. ನೀನು ಅಲ್ಲಿರಬೇಕು.